ಮೊದಲು ನಿಲ್ಲಿಸೋದು ಕಲಿ

ಇದು ಕಳೆದ ತಿಂಗಳು ಮೈಸೂರಿನ ಸರಸ್ವತಿಪುರಂನ ಒಂದು ಸಣ್ಣ ಕೂಟದಲ್ಲಿ ನಾನು ಆಡಿದ ಮಾತು. ಸುಮಾರು ನಲವತ್ತು ಜನ ಇದ್ದರು. ಬರೆದು ಕೊಡಿ ಅಂತ ಕೆಲವರು ಕೇಳಿದರು, ಅದಕ್ಕೆ ಬರೆದಿದ್ದೇನೆ. ಆಡುವಾಗ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿ ಇರೋದು ನಮ್ಮಪ್ಪನ ಡ್ರೈವಿಂಗ್ ಲೈಸೆನ್ಸ್. 1959ರದ್ದು. ಇವತ್ತಿನ ಕಾರ್ಡ್ ನೋಡಿದವರಿಗೆ ಇದು ಲೈಸೆನ್ಸ್ ಅಂತ ಅನ್ನಿಸೋದೇ ಇಲ್ಲ, ಹಳೇ ಬ್ಯಾಂಕ್ ಪಾಸ್‌ಬುಕ್ ಥರ ಇದೆ. ಮೇಲಿನ ಬಟ್ಟೆ ಹೊದಿಕೆಯ ಬಣ್ಣ ಏನಿತ್ತು ಅಂತ ಈಗ ಹೇಳೋಕಾಗಲ್ಲ, ಡೀಸೆಲ್ ಮತ್ತು ಬೆವರು ಎರಡೂ ಅದನ್ನು ತಿಂದಿವೆ. ಒಳಗೆ ಒಂದು ಫೋಟೋ ಅಂಟಿಸಿ, ಅದರ ಅಂಚಿನ ಮೇಲೆ ಸೀಲು ಒತ್ತಿದ್ದಾರೆ. ಅಪ್ಪನಿಗೆ ಆಗ ಇಪ್ಪತ್ತೈದು ವರ್ಷ. ಕಣ್ಣು ನೇರವಾಗಿ ನಮ್ಮನ್ನೇ ನೋಡುತ್ತಿದೆ. ಕೆಳಗೆ ಕನ್ನಡದಲ್ಲಿ ಸಹಿ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು ಅವರು, ಪ್ರತಿ ಅಕ್ಷರವನ್ನೂ ಒತ್ತಿ ಬರೆದಿದ್ದಾರೆ.

ಇದನ್ನು ಕೆಲವು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸಬೇಕಿತ್ತು. ಒಂದೊಂದು ಸಲಕ್ಕೂ ಒಂದೊಂದು ಸೀಲು, ಒಂದು ತಾರೀಖು. ಪುಟ ತಿರುವುತ್ತಾ ಹೋಗಿ. ಮೊದಮೊದಲು ಸೀಲಿನಲ್ಲಿ ಮೈಸೂರು ರಾಜ್ಯ. ಆಮೇಲೆ ಕರ್ನಾಟಕ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಬದಲಾಯಿತು ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ, ನಮ್ಮ ಮನೆಯಲ್ಲಿ ಅದು ಲಾರಿ ಡ್ರೈವರ್ ಒಬ್ಬರ ಜೇಬಿನೊಳಗೆ ಆಗಿದೆ. ನನಗೆ ಈ ಎರಡು ಸೀಲು ಅಕ್ಕಪಕ್ಕ ನೋಡಿದಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ಕೊನೆಯಲ್ಲಿ ಇನ್ನೊಂದು ಭಾಗ ಇದೆ. ಅದು ಎಂಡಾರ್ಸ್‌ಮೆಂಟ್ ಪುಟ. ಡ್ರೈವರ್ ತಪ್ಪು ಮಾಡಿ ಕೋರ್ಟಿಗೆ ಹೋದರೆ, ಕೋರ್ಟು ಅದನ್ನು ಈ ಪುಟದಲ್ಲಿ ಬರೆಯಬಹುದಿತ್ತು. ಬರೆದರೆ ಅದು ಜೇಬಿನಲ್ಲೇ ಇರುತ್ತದೆ, ಮುಂದಿನ ಸಾಹುಕಾರ ಕೆಲಸ ಕೊಡೋ ಮುಂಚೆ ಆ ಪುಟವನ್ನೇ ಮೊದಲು ನೋಡುತ್ತಾನೆ. ಅಪ್ಪನ ಪುಟ ಖಾಲಿ. ಮೂವತ್ತೊಂದು ವರ್ಷ ಲಾರಿ ಓಡಿಸಿದ ಮೇಲೂ ಖಾಲಿ. ಮನೆಗೆ ಯಾರೇ ಬಂದರೂ ಅವರು ತಮ್ಮ ಫೋಟೋ ತೋರಿಸುತ್ತಿರಲಿಲ್ಲ, ಈ ಖಾಲಿ ಪುಟ ತೋರಿಸುತ್ತಿದ್ದರು.

ನಮ್ಮೂರು ಪಾಂಡವಪುರದ ಕಡೆ. ಅಪ್ಪ ಡ್ರೈವರ್ ಆಗೋ ಮುಂಚೆ ಆರು ವರ್ಷ ಕ್ಲೀನರ್. ಆಗ ಡ್ರೈವಿಂಗ್ ಸ್ಕೂಲ್ ಅನ್ನೋ ಮಾತು ಹಳ್ಳಿಯವರಿಗೆ ಗೊತ್ತೇ ಇರಲಿಲ್ಲ. ಲಾರಿಯೇ ಸ್ಕೂಲು. ಮೊದಲ ವರ್ಷ ತೊಳೆಯೋದು, ಒರೆಸೋದು. ಆಮೇಲೆ ಕಬ್ಬಿಣದ ರಾಡ್ ತಗೊಂಡು ಟೈರ್ ಬಡಿದು ನೋಡೋದು. ಗಾಳಿ ಸರಿ ಇದ್ದರೆ ಒಂದು ಸದ್ದು, ಇಳಿದಿದ್ದರೆ ಇನ್ನೊಂದು ಸದ್ದು, ಕಿವಿಗೇ ಗೊತ್ತಾಗಬೇಕು. ಬೆಳಗಿನ ಜಾವ ಬೆಡ್‌ಫೋರ್ಡ್ ಲಾರಿಗೆ ಮುಂದಿನಿಂದ ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಬೇಕಿತ್ತು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕು, ಸುತ್ತಿ ಹಿಡಿಯಬಾರದು. ಇಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಈ ಬೆರಳಿನ ಪಾಠವನ್ನು ಅಪ್ಪ ನನಗೂ ಹೇಳಿಕೊಟ್ಟಿದ್ದಾರೆ, ನಾನು ಜೀವಮಾನದಲ್ಲಿ ಒಂದು ಸಲವೂ ಹ್ಯಾಂಡಲ್ ಹೊಡೆದಿಲ್ಲ, ಆದರೂ ಕೈ ಹಾಗೇ ಹಿಡಿಯುತ್ತದೆ ನೋಡಿ.

ಕ್ಲೀನರ್‌ಗೆ ಸ್ಟಿಯರಿಂಗ್ ಸಿಗುತ್ತಿದ್ದದ್ದು ತುಂಬ ತಡವಾಗಿ. ಅದಕ್ಕೂ ಮೊದಲು ಅವನು ಎಡಗಡೆ ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ರಸ್ತೆ ನೋಡಿರುತ್ತಿದ್ದ. ಡ್ರೈವರ್‌ಗೆ ಎಡಗಡೆ ಕಾಣದ ಜಾಗದಲ್ಲಿ ಅವನೇ ಕಣ್ಣು. ಬಾಗಿಲು ಬಡಿದು 'ರೈಟ್ ರೈಟ್' ಅಂದರೆ ಹೋಗು. 'ಹೋಲ್ಡಾನ್' ಅಂದರೆ ನಿಲ್ಲು. ಡ್ರೈವರ್ ಎಷ್ಟೇ ಹಿರಿಯನಾಗಿರಲಿ, ಹೋಲ್ಡಾನ್ ಅಂದ ತಕ್ಷಣ ಬ್ರೇಕ್ ತುಳಿಯಬೇಕು. ಯಾಕೆ ಅಂತ ಕೇಳೋದು ಆಮೇಲೆ. ಹದಿನೈದು ವರ್ಷದ ಹುಡುಗನ ಮಾತಿಗೆ ಐವತ್ತು ವರ್ಷದವರು ನಿಲ್ಲುತ್ತಿದ್ದರು. ಈ ಒಂದು ಪದ್ಧತಿಯ ಬಗ್ಗೆ ನನಗೆ ಬಹಳ ಗೌರವ.

ಗೇರ್ ಬಗ್ಗೆ ಒಂದು ಮಾತು. ಈಗಿನ ಗಾಡಿಗಳಲ್ಲಿ ಕ್ಲಚ್ ಒತ್ತಿ ಗೇರ್ ಹಾಕಿದರೆ ಬೆಣ್ಣೆಯ ಥರ ಬೀಳುತ್ತದೆ. ಆಗಿನ ಲಾರಿಗಳ ಗೇರ್‌ಬಾಕ್ಸಿನಲ್ಲಿ ಆ ಅನುಕೂಲ ಇರಲಿಲ್ಲ. ಕೆಳಗಿನ ಗೇರಿಗೆ ಬರಬೇಕಾದರೆ ಒಂದು ಸಲ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲೇಟರ್ ಕೊಟ್ಟು ಇಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ, ಆಗ ಗೇರ್ ಹಾಕಬೇಕು. ಡಬಲ್ ಕ್ಲಚ್ ಅಂತಿದ್ದರು. ತಪ್ಪಿದರೆ ಹಲ್ಲುಹಲ್ಲು ಕಡಿದು ಅರ್ಧ ಊರಿಗೆ ಕೇಳುವ ಹಾಗೆ ಕಿರುಚುತ್ತದೆ. ಇಳಿಜಾರಿನಲ್ಲಿ ಗೇರ್ ಸಿಗದೆ ಹೋದರೆ ಇಂಜಿನ್ನಿನ ಹಿಡಿತ ತಪ್ಪಿ, ಲಾರಿಯ ಭಾರ ಎಲ್ಲ ಬರೀ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕೇ ಹಳೇ ಡ್ರೈವರ್‌ಗಳು ಹೇಳುತ್ತಿದ್ದದ್ದು, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ. ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಹಾಕಿ, ಕೆಲವರು ಇಂಜಿನ್ನೇ ಆಫ್ ಮಾಡಿ ಬರುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಜಿನ್ ಆಫ್ ಆದರೆ ಕಾರಿನ ಬ್ರೇಕಿಗೆ ಸಿಗುವ ಸಹಾಯ ಒಂದೆರಡು ತುಳಿತಕ್ಕೆ ಮುಗಿದುಹೋಗುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ.

ನಮ್ಮ ಕಡೆ ಆರ್‌ಟಿಓದಿಂದ ಟೆಸ್ಟ್ ಮಾಡೋಕೆ ಬರುವ ಮೋಟಾರು ವಾಹನ ನಿರೀಕ್ಷಕರನ್ನು ಏನಂತ ಕರೀತೀವಿ? ಬ್ರೇಕ್ ಇನ್ಸ್‌ಪೆಕ್ಟರ್! ಅಲ್ವಾ? ಕ್ಲಚ್ ಇನ್ಸ್‌ಪೆಕ್ಟರ್ ಅಂತಲೋ ಗೇರ್ ಇನ್ಸ್‌ಪೆಕ್ಟರ್ ಅಂತಲೋ ಯಾರೂ ಕರೆಯಲಿಲ್ಲ. ಜನರ ಬಾಯಲ್ಲಿ ಉಳಿದದ್ದು ಬ್ರೇಕಿನ ಹೆಸರೇ, ಗಾಡಿ ನಿಲ್ಲುತ್ತದೋ ಇಲ್ಲವೋ ಅಂತ ನೋಡೋದೇ ಅವರ ಕೆಲಸ ಅಂತ ಜನಕ್ಕೆ ಅನ್ನಿಸಿತು. ನಾನು ಇವತ್ತು ಹೇಳಬೇಕು ಅಂತ ಬಂದಿರೋದೂ ಇದೇ ವಿಷಯ. ಓಡಿಸೋದು ಕಲಿಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಿಲ್ಲಿಸೋದನ್ನು ಮೊದಲು ಕಲಿಸುವವರು ಕಡಿಮೆ ಆಗಿದ್ದಾರೆ.

ನಾನು ಕಾರು ಕಲಿತದ್ದು 1984ರಲ್ಲಿ. ಅದಕ್ಕೂ ಮುಂಚೆ ಬಾಡಿಗೆ ಸೈಕಲ್, ಒಳಪೆಡಲ್, ಮೊಣಕಾಲು ತರಚಿದ್ದು, ಅದೆಲ್ಲ ನಿಮ್ಮೆಲ್ಲರದ್ದೂ ಹೌದು, ಬಿಡಿ. ಮೈಸೂರಿನ ಚಿಕ್ಕಪ್ಪನ ಗಾಡಿಯ ಬಗ್ಗೆ ಮಾತ್ರ ಹೇಳಲೇಬೇಕು. ಅವರು ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೆ ಇವತ್ತಿಗೂ ಮೈಸೂರಿನ ಯಾವ ಬೀದಿಯಲ್ಲಿ ಆ ಬೈಕಿನ ಸದ್ದು ಕೇಳಿದರೂ ಮನೆಯೊಳಗಿನ ಹಿರಿಯರು ತಲೆ ಎತ್ತುತ್ತಾರೆ. ಚಿಕ್ಕಪ್ಪನ ಹತ್ತಿರ ಯೆಜ್ಡಿ ಇತ್ತು. ಅದರಲ್ಲಿ ಗೇರ್ ಹಾಕುವ ಲಿವರೂ ಕಿಕ್ ಹೊಡೆಯುವ ಲಿವರೂ ಒಂದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ತಳ್ಳಿದರೆ ಗೇರ್. ಗೇರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುಗಡೆ ಆಗುವ ಏರ್ಪಾಡೂ ಇತ್ತು. ಹಾಗಿದ್ದರೂ ಚಿಕ್ಕಪ್ಪ ಕೈಯಿಂದ ಕ್ಲಚ್ ಹಿಡಿಯದೆ ಗೇರ್ ಹಾಕೋಕೆ ಬಿಡುತ್ತಿರಲಿಲ್ಲ. ನಾಳೆ ಬೇರೆ ಗಾಡಿ ಹತ್ತಿದಾಗ ಕೈ ಮರೆತುಬಿಡುತ್ತದೆ ಅಂತ. ಮಾನಸಗಂಗೋತ್ರಿಯ ಒಳರಸ್ತೆಗಳು ಆಗ ಎಷ್ಟು ಖಾಲಿ ಇದ್ದವು ಅಂದರೆ, ಭಾನುವಾರ ಬೆಳಿಗ್ಗೆ ಹೋದರೆ ನಾವು ಮತ್ತು ನವಿಲುಗಳು, ಅಷ್ಟೇ.

ಕಾರು ಮಾತ್ರ ಅಪ್ಪನೇ ಕಲಿಸಿದರು. ಅವರ ಸಾಹುಕಾರರದ್ದು ಒಂದು ಹಳೇ ಅಂಬಾಸಿಡರ್. ಗೇರ್ ಸ್ಟಿಯರಿಂಗ್ ಪಕ್ಕದಲ್ಲೇ. ಜಾಗ ನಾಲೆ ಏರಿ. ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ನಮ್ಮಜ್ಜಿ ಕಾಲದವರು ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದರು. ಒಂದು ಕಡೆ ತುಂಬಿ ಹರಿಯುವ ನೀರು, ಇನ್ನೊಂದು ಕಡೆ ಗದ್ದೆಗೆ ಇಳಿಜಾರು. ನಡುವೆ ಮಣ್ಣಿನ ದಾರಿ. ಇಂಥ ಜಾಗದಲ್ಲಿ ಯಾಕೆ ಅಂತ ಅಮ್ಮ ಜಗಳ ಆಡಿದರು. ಅಪ್ಪ ಹೇಳಿದ್ದು, ನೀರು ನೋಡ್ತಾ ಇದ್ದರೆ ಕಾಲು ಬ್ರೇಕ್ ಮೇಲೆ ಇರುತ್ತದೆ. ಮೊದಲ ಮೂರು ದಿನ ನೀರಿಲ್ಲದ ಕಡೆ ತಿರುಗಿಸಿಕೊಂಡು, ಅಗಲ ಇರುವ ಜಾಗದಲ್ಲಿ ಮಾತ್ರ ಓಡಿಸೋಕೆ ಬಿಟ್ಟರು ಅನ್ನೋದನ್ನೂ ಹೇಳಿಬಿಡುತ್ತೇನೆ, ಅವರು ಹುಡುಗಾಟದ ಮನುಷ್ಯ ಅಲ್ಲ.

ಆ ಮೂರು ದಿನ, ಮತ್ತೆ ಇನ್ನೂ ಎರಡು ದಿನ, ನಾನು ಕಲಿತದ್ದು ಒಂದೇ. ಮೊದಲ ಗೇರಲ್ಲಿ ಹೊರಡು, ಇಪ್ಪತ್ತು ಹೆಜ್ಜೆ ಹೋಗು, ನಿಲ್ಲಿಸು. ಮತ್ತೆ ಹೊರಡು, ನಿಲ್ಲಿಸು. ಅಪ್ಪ ಮುಂದೆ ಹೋಗಿ ದಾರಿಯಲ್ಲಿ ಒಂದು ಕಬ್ಬಿನ ಸೋಗೆ ಇಡುತ್ತಿದ್ದರು. ಮುಂದಿನ ಚಕ್ರ ಸೋಗೆಯನ್ನು ಮುಟ್ಟಬೇಕು, ದಾಟಬಾರದು. ಒಳಗೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಲೋಟ ನೀರು. ಚೆಲ್ಲಬಾರದು. ಎರಡನೇ ಗೇರ್ ಯಾವಾಗ ಅಂತ ಕೇಳಿದರೆ, ನೀರು ಉಳಿದ ದಿನ ಅಂತಿದ್ದರು. ಆರನೇ ದಿನ ಲೋಟದಲ್ಲಿ ಮುಕ್ಕಾಲು ನೀರು ಉಳಿಯಿತು. ಅವರು ಏನೂ ಹೇಳಲಿಲ್ಲ, ಆ ನೀರು ಕುಡಿದು, ಲೋಟ ಒರೆಸಿ ಚೀಲಕ್ಕೆ ಹಾಕಿದರು. ನನಗೆ ಎರಡನೇ ಗೇರ್ ಸಿಕ್ಕಿತು.

ಆಮೇಲೆ ಕೈ ಸನ್ನೆ. ಇದನ್ನು ಈಗ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸಿನ ಪರೀಕ್ಷೆಗೆ ಚಿತ್ರ ನೋಡಿ ಬಾಯಿಪಾಠ ಮಾಡುತ್ತಾರೆ, ಮರುದಿನ ಮರೆಯುತ್ತಾರೆ. ಆಗ ಅದು ಮಾತು. ಬಲಗೈ ನೇರ ಹೊರಗೆ ಚಾಚಿದರೆ ಬಲಕ್ಕೆ ತಿರುಗುತ್ತೇನೆ ಅಂತ. ಚಾಚಿದ ಕೈಯನ್ನು ಗಡಿಯಾರಕ್ಕೆ ಎದುರಾಗಿ ಸುತ್ತಿಸಿದರೆ ಎಡಕ್ಕೆ. ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನ ಮಾಡುತ್ತಿದ್ದೇನೆ. ಮೊಣಕೈ ಮಡಿಸಿ ಅಂಗೈ ಮೇಲೆತ್ತಿದರೆ ನಿಲ್ಲುತ್ತಿದ್ದೇನೆ. ಹಿಂದಿನಿಂದ ಮುಂದಕ್ಕೆ ಬೀಸಿದರೆ ನೀನು ಮುಂದೆ ಹೋಗಪ್ಪ ಅಂತ. ಈ ಕೊನೆಯದನ್ನು ಅಪ್ಪ ಮಾಡುವಾಗ ನೋಡಬೇಕಿತ್ತು, ಮನೆಗೆ ಬಂದವರನ್ನು ಒಳಗೆ ಕರೆಯುವ ಹಾಗಿರುತ್ತಿತ್ತು. ಹಿಂದಿನ ಗಾಡಿಯವನೂ ದಾಟಿ ಹೋಗುವಾಗ ಕೈ ಎತ್ತುತ್ತಿದ್ದ. ಇಂಡಿಕೇಟರ್ ಬಂದದ್ದು ಒಳ್ಳೆಯದೇ, ರಾತ್ರಿ ಕೈ ಕಾಣಲ್ಲ. ಆದರೆ ದೀಪ ಮಿನುಗಿದರೆ ಗಾಡಿ ತಿರುಗುತ್ತದೆ ಅಂತ ಗೊತ್ತಾಗುತ್ತದೆ. ಕೈ ಹೊರಗೆ ಬಂದರೆ ಒಳಗೆ ಒಬ್ಬ ಮನುಷ್ಯ ಇದ್ದಾನೆ ಅಂತಲೂ ಗೊತ್ತಾಗುತ್ತಿತ್ತು.

ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ರಸ್ತೆಗಳನ್ನು ನೋಡಿದವರಿಗೆ ಇದು ಅರ್ಥ ಆಗುತ್ತದೆ. 1933ರಲ್ಲಿ ಮೈಷುಗರ್ ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ಸುತ್ತಲಿನ ಊರುಗಳ ಕಬ್ಬೆಲ್ಲ ಮಂಡ್ಯದ ಕಡೆ ಹೊರಟಿತು, ಮೊದಲು ಗಾಡಿಗಳಲ್ಲಿ, ಆಮೇಲೆ ಲಾರಿ, ಆಮೇಲೆ ಟ್ರ್ಯಾಕ್ಟರ್. ನನ್ನ ಚಿಕ್ಕಂದಿನಲ್ಲಿ ರಾತ್ರಿ ಎತ್ತಿನ ಗಾಡಿಗಳ ಸಾಲು ಮುಗಿಯೋದೇ ಇರಲಿಲ್ಲ. ಗಾಡಿಯವನು ಮೇಲೆ ನಿದ್ದೆ, ಎತ್ತುಗಳಿಗೆ ದಾರಿ ಗೊತ್ತು. ಗಾಡಿಯ ಅಡಿಯಲ್ಲಿ ಇರುಸಿನ ಹತ್ತಿರ ಒಂದು ಲಾಂದ್ರ ತೂಗುತ್ತಿರುತ್ತದೆ, ಅದೇ ಹಿಂದಿನ ದೀಪ. ಕಬ್ಬಿನ ಹೊರೆ ಗಾಡಿಗಿಂತ ಎರಡು ಮೂರು ಅಡಿ ಹಿಂದಕ್ಕೆ ಚಾಚಿರುತ್ತದೆ. ಲಾಂದ್ರ ಕಂಡಾಗಲೇ ಅಪ್ಪ ಕಾಲು ಎತ್ತುತ್ತಿದ್ದರು. ಹಾರ್ನ್ ಹೊಡೆಯುತ್ತಿರಲಿಲ್ಲ, ಎತ್ತು ಬೆದರುತ್ತದೆ ಅಂತ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. 100 ಅಂದರೆ ಸುಮಾರು 28 ಮೀಟರ್. ಏನೋ ಅಡ್ಡ ಬಂತು ಅಂತ ಕಣ್ಣಿಗೆ ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಇಷ್ಟು ದೂರ ಹೋಗಿಬಿಟ್ಟಿರುತ್ತದೆ. ಬ್ರೇಕ್ ಹಿಡಿಯೋದು ಅದರ ಮೇಲೆ. ವೇಗ ಎರಡು ಪಟ್ಟು ಆದರೆ ಬ್ರೇಕ್ ತುಳಿದ ಮೇಲೆ ಜಾರುವ ದೂರ ನಾಲ್ಕು ಪಟ್ಟು. ಅಪ್ಪನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಲಾಂದ್ರ ಕಂಡ ಜಾಗ ಗೊತ್ತಿತ್ತು.

ನನ್ನ ಟೆಸ್ಟ್ ಚೆನ್ನಾಗೇ ಆಯಿತು, ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಎಂಟು ಹಾಕಿಸಲಿಲ್ಲ, ರಿವರ್ಸ್ ತೆಗೆಸಿದರು. ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರು ಪಕ್ಕದಲ್ಲಿ ಕೂತು ಒಂದು ಏರಿನಲ್ಲಿ ನಿಲ್ಲಿಸಿ ಅಂದರು. ನಿಲ್ಲಿಸಿದೆ. ಹೊರಡಿ ಅಂದರು. ಹಾಫ್ ಕ್ಲಚ್‌ನಲ್ಲಿ ಹಿಂದಕ್ಕೆ ಜಾರದೆ ಹೊರಟೆ. ಯಾರು ಕಲಿಸಿದ್ದು ಅಂತ ಒಂದೇ ಪ್ರಶ್ನೆ ಕೇಳಿದರು. ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ಅಪ್ಪನನ್ನು ತೋರಿಸಿದೆ.

ಆ ಲೈಸೆನ್ಸೂ ಪುಸ್ತಕವೇ. ಅದು ಈಗ ನನ್ನ ಹತ್ತಿರ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅಲ್ಲಿಯವರೆಗೆ ನಡೆಯುತ್ತಿದ್ದದ್ದು 1939ರ ಕಾಯ್ದೆ. ಗಾಡಿಗಳ ನಂಬರಿಗೆ ಕೆಎ ಬಂದದ್ದೂ ಆಗಲೇ, ಮೈಸೂರಿಗೆ ಕೆಎ 09, ಮಂಡ್ಯಕ್ಕೆ ಕೆಎ 11. ಹೊಸ ಕಾಯ್ದೆಯಲ್ಲಿ, 2019ರ ತಿದ್ದುಪಡಿಗೆ ಮುಂಚೆ, ಲೈಸೆನ್ಸು 20 ವರ್ಷ ಅಥವಾ 50 ವಯಸ್ಸು, ಯಾವುದು ಮೊದಲೋ ಅಲ್ಲಿವರೆಗೆ ಚಾಲ್ತಿಯಲ್ಲಿ ಇರುತ್ತಿತ್ತು. ನನಗೆ 50 ತುಂಬಿದ್ದು 2012ರಲ್ಲಿ. ಡಾಕ್ಟರ್ ಸರ್ಟಿಫಿಕೇಟ್ ತಗೊಂಡು ಒಂದು ಕಚೇರಿಗೆ ಹೋದೆ. ಯಾವ ಊರಿನದ್ದು ಅಂತ ಬೇಡ. ಹಳೇ ಪುಸ್ತಕ ಇಲ್ಲಿ ಕೊಡಿ ಅಂದರು, ಕೊಟ್ಟೆ. ಕೆಲವು ದಿನಕ್ಕೆ ಕಾರ್ಡ್ ಬಂತು. ಪುಸ್ತಕ ಕೇಳೋಕೆ ಮತ್ತೆ ಹೋದಾಗ, ಅದು ಒಳಗೆ ಹೋಗಿದೆ, ಬರಲ್ಲ ಅಂದರು. ಅದರಲ್ಲಿ ಇಪ್ಪತ್ತೆರಡು ವರ್ಷದ ನನ್ನ ಫೋಟೋ ಇತ್ತು. ಅದರ ಇನ್ನೊಂದು ಪ್ರತಿ ನಮ್ಮ ಮನೆಯಲ್ಲಿ ಇಲ್ಲ. ಕಾಯ್ದೆ ಪ್ರಕಾರ ಅವರು ಮಾಡಿದ್ದು ಸರಿಯೇ ಇರಬಹುದು. ನನಗೆ ಮಾತ್ರ ಆ ದಿನ ಮನೆಗೆ ಕಾರು ಓಡಿಸಿಕೊಂಡು ಬರೋಕೆ ಮನಸ್ಸಾಗಲಿಲ್ಲ, ಸ್ವಲ್ಪ ಹೊತ್ತು ಹೊರಗೆ ಕೂತಿದ್ದೆ.

ಆದ್ದರಿಂದ ಇಲ್ಲಿರುವವರಲ್ಲಿ ಒಂದು ಕೇಳಿಕೆ. ಮನೆಯಲ್ಲಿ ಹಳೇ ಪುಸ್ತಕ ಇದ್ದರೆ, ರಿನ್ಯೂವಲ್‌ಗೆ ಕೊಡುವ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಖಾಲಿ ಪುಟದ್ದೂ. ಇನ್ನೂ ಓಡಿಸುವವರು ತಾರೀಖು ನೋಡಿಕೊಳ್ಳಿ. 2019ರ ತಿದ್ದುಪಡಿ ಆದ ಮೇಲೆ ಅವಧಿ ಮುಗಿದು ಒಂದು ವರ್ಷದೊಳಗೆ ರಿನ್ಯೂವಲ್ ಮಾಡಿಸದೆ ಹೋದರೆ ಮತ್ತೆ ಟೆಸ್ಟ್ ಕೊಡಬೇಕು. ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂನಲ್ಲಿ ಹಳೇ ಕಾರುಗಳನ್ನು ಎಷ್ಟು ಚೆನ್ನಾಗಿ ಇಟ್ಟಿದ್ದಾರೆ, ನೋಡಿದರೆ ಕಣ್ಣು ತುಂಬುತ್ತದೆ. ಅವನ್ನು ಓಡಿಸಿದ ಕೈಗಳ ಗುರುತು ಈ ಪುಸ್ತಕಗಳಲ್ಲಿ ಮಾತ್ರ ಇದೆ.

ಒಂದು ನೋವಿನ ವಿಷಯ ಹೇಳದೆ ಮುಗಿಸಲಾರೆ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ಅದೇ ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಮೇಲೆ ನಾನು ತುಂಬ ದಿನ ನಾಲೆ ಏರಿಯ ಕಡೆ ಹೋಗಲಿಲ್ಲ. ಏರಿಗೆ ಎಲ್ಲ ಕಡೆ ತಡೆಗೋಡೆ ಬೇಕು ಅನ್ನೋದನ್ನು ನಮ್ಮೂರಿನವರು ಹೇಳುತ್ತಲೇ ಇದ್ದಾರೆ, ನಾನೂ ಇಲ್ಲಿಂದ ಹೇಳುತ್ತಿದ್ದೇನೆ. ಹದಿನಾಲ್ಕು ಹದಿನೈದರ ಹುಡುಗರ ಕೈಗೆ ಬೈಕ್ ಕೊಟ್ಟು ಆ ಏರಿಯ ಮೇಲೆ ಕಳಿಸುವ ಅಪ್ಪಂದಿರಿಗೂ ಹೇಳುತ್ತಿದ್ದೇನೆ. ಈಗ ಕಾಯ್ದೆಯಲ್ಲಿ ಮನೆಯವರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಇದೆ, ಆ ಹುಡುಗನಿಗೆ 25 ವಯಸ್ಸಿನವರೆಗೆ ಲೈಸೆನ್ಸ್ ಸಿಗಲ್ಲ. ದಂಡ ಕಟ್ಟಬಹುದು ಬಿಡಿ. ಮಗನನ್ನು ಎಲ್ಲಿಂದ ತರ್ತೀರಿ?

ಕಲಿಯುವವರ ಪಕ್ಕದಲ್ಲಿ ಕೂರುವವರ ಬಗ್ಗೆ ನಿಯಮ ಏನು ಹೇಳುತ್ತದೆ ಗೊತ್ತಾ? ಅವರ ಹತ್ತಿರ ಲೈಸೆನ್ಸ್ ಇರಬೇಕು, ಮತ್ತು ಗಾಡಿಯನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು. ಅದನ್ನು ಓದಿದಾಗ ನನಗೆ ಅಪ್ಪ ಬರೆದ ಹಾಗೇ ಅನ್ನಿಸಿತು.

ಈಗ ನಮ್ಮ ಬೀದಿಯಲ್ಲಿ ಒಬ್ಬರು ಕಾರು ಕಲಿಯುತ್ತಿದ್ದಾರೆ. ಐವತ್ತೆರಡು ವರ್ಷ, ಗಂಡ ತೀರಿಕೊಂಡಿದ್ದಾರೆ, ಕಾರು ಶೆಡ್ಡಿನಲ್ಲಿ ಎರಡು ವರ್ಷದಿಂದ ನಿಂತಿತ್ತು. ಎಲ್‌ಎಲ್‌ಆರ್ ಮಾಡಿಸಿ, ಎಲ್ ಬೋರ್ಡ್ ಅಂಟಿಸಿ, ಡ್ರೈವಿಂಗ್ ಸ್ಕೂಲಿನ ಪಾಠ ಮುಗಿಸಿದರು. ಆದರೂ ಭಯ ಹೋಗಿಲ್ಲ ಅಂತ ನನ್ನ ಹತ್ತಿರ ಬಂದರು. ಬೆಳಿಗ್ಗೆ ಆರಕ್ಕೆ ಲಲಿತಮಹಲ್ ಕಡೆಯ ಒಂದು ಖಾಲಿ ಬಡಾವಣೆಗೆ ಹೋಗುತ್ತೇವೆ. ಕಬ್ಬಿನ ಸೋಗೆ ಸಿಗಲಿಲ್ಲ, ತೆಂಗಿನ ಗರಿ ಇಟ್ಟೆ. ಈಗಿನ ಕಾರಿನ ಡ್ಯಾಶ್‌ಬೋರ್ಡ್ ಇಳಿಜಾರು, ಲೋಟ ನಿಲ್ಲಲ್ಲ, ಅದಕ್ಕೆ ನಾನೇ ಕೈಯಲ್ಲಿ ಹಿಡಿದು ಕೂತಿರುತ್ತೇನೆ. ಮೊದಲ ದಿನ ನನ್ನ ಸೀರೆ ಪೂರ್ತಿ ಒದ್ದೆ. ನಾಲ್ಕನೇ ದಿನ ಅವರು ಅತ್ತರು, ಕಾರಣ ನಾನು ಕೇಳಲಿಲ್ಲ. ಮೊನ್ನೆ ಒಂಬತ್ತನೇ ದಿನ. ಗರಿಯ ಮೇಲೆ ಚಕ್ರ ಬಂದು ನಿಂತಿತು, ಲೋಟದಲ್ಲಿ ನೀರು ಅಲುಗಿತು, ಚೆಲ್ಲಲಿಲ್ಲ. ನಾನು ಅರ್ಧ ಕುಡಿದು ಉಳಿದದ್ದನ್ನು ಅವರಿಗೆ ಕೊಟ್ಟೆ. ನಾಳೆ ಎರಡನೇ ಗೇರ್ ಅಂದೆ.